ಒಳಲೆ ತುಂಬ ದೊಡ್ಡಪತ್ರೆ ರಸ

ಮಗಳು ಹೆತ್ತಳು, ಹೆಣ್ಣು ಕೂಸು, ನಾನು ಅಜ್ಜಿಯಾದೆ! ಕೆರೆಬಿಳಚಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಬೇಕೆಂದಿದ್ದೆ. ಯುದ್ಧದ ಕಾಲ, ಸಕ್ಕರೆ ಎಲ್ಲಿಂದ ಬರಬೇಕು? ಬೆಲ್ಲ ಹಂಚಿದೆ. ಈಗ ಬರೆಯಲು ಕೂತರೂ ಆ ಸಂತೋಷ ಉಕ್ಕುತ್ತದೆ, ಅದರ ಬೆನ್ನಿಗೇ ಸಿಟ್ಟೂ ಉಕ್ಕುತ್ತದೆ.

ತೊಟ್ಟಿಲಿಗೆ ಹಾಕುವ ಮುಂಚೆಯೇ ಕೂಸಿಗೆ ನೆಗಡಿಯಾಯಿತು. ನಮ್ಮ ತವರಿನಲ್ಲಿ ಕೂಸು ಕತ್ತು ನಿಲ್ಲಿಸುವವರೆಗೆ ಅದರ ಬಾಯಿಗೆ ಯಾವ ಸೊಪ್ಪಿನ ರಸವನ್ನೂ ಹಾಕುವುದಿಲ್ಲ. ಮದ್ದನ್ನು ತಾಯಿಯೇ ಉಣ್ಣಬೇಕು. ಹಾಗಾಗಿ ಹಿತ್ತಲಿನ ದೊಡ್ಡಪತ್ರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಹಾಕಿ ಅರೆದು ಮಗಳ ಬಿಸಿಯನ್ನಕ್ಕೆ ಕಲಸುತ್ತಿದ್ದೆ.

ಬಸವಾಪಟ್ಟಣದಿಂದ ನಮ್ಮ ಮನೆಯವರ ಅಕ್ಕ ಬಂದರು. "ಇದೇನೇ, ನೆಗಡಿ ಕೂಸಿಗೆ, ಮದ್ದು ಅದರವ್ವನ ಹೊಟ್ಟೆಗೆ! ನಿಮ್ಮ ತವರ್ನಾಗೆ ಹಿಂಗೇನು?" ಎಂದು ನಕ್ಕರು. ನಾನು ನೀರು ಕಾಯಿಸಲು ಬಚ್ಚಲಿಗೆ ಹೋದೆ. ಅಷ್ಟರಲ್ಲಿ ಹಸಿ ಎಲೆ ಜಜ್ಜಿ, ಮೆಣಸು ಸೇರಿಸಿ, ಕೂಸಿಗೆ ಹಾಲು ಹೊಯ್ಯುವ ಒಳಲೆಯ ತುಂಬ ರಸ ಹಿಂಡಿದ್ದಾರೆ. ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು ಹೊಯ್ದೇಬಿಟ್ಟಿದ್ದಾರೆ!

ಮಗಳು "ಅವ್ವಾ!" ಎಂದು ಚೀರಿದಳು. ಓಡಿ ಬಂದೆ. ಕೂಸು ನೀಲಿಗಟ್ಟಿತ್ತು, ಅಳಲೂ ಉಸಿರಿರಲಿಲ್ಲ. ಕಿತ್ತುಕೊಂಡು ಬೋರಲು ಹಾಕಿ ಬೆನ್ನು ತಟ್ಟಿದೆ. ಮೂಗು ಬಾಯಿಯಿಂದ ಹಸಿರು ನೀರು ಬಂತು. ಆಮೇಲೆ ಸಣ್ಣಗೆ ಅತ್ತಿತು.

"ದಿನಾ ಉಣ್ಣೋ ಸೊಪ್ಪಲ್ವೇನೇ? ವಿಷ ಹಾಕಿದ್ನೇನು?" ಎಂದರು ಅತ್ತಿಗೆ.

"ನೀವು ಕೊಡ ತುಂಬ ಕುಡೀರಿ, ನಿಮ್ಗೆ ಗಂಟ್ಲೈತೆ! ಅದಕ್ಕೆ ಸರಿಯಾಗಿ ನುಂಗಾಕೇ ಬರಲ್ಲ. ಕೊಲ್ಲಾಕೆ ಬಂದ್ರೇನು?"

ಅಲ್ಲಿಯವರೆಗೆ ನಾನು ಅವರೆದುರು ತಲೆಯೆತ್ತಿದವಳಲ್ಲ. ನಮ್ಮ ಮನೆಯವರು, "ದೊಡ್ಡೋರು, ಸುಮ್ನಿರೇ" ಎಂದರು.

"ದೊಡ್ಡೋರಿಗೇ ಹೇಳ್ತಿರೋದು! ಸಣ್ಣೋರಾಗಿದ್ರೆ ಕಪಾಳಕ್ಕೆ ಬಿಡ್ತಿದ್ದೆ."

ಮಧ್ಯಾಹ್ನವೆಲ್ಲ ಕೂಸು ಎದೆಗೆ ಬಾಯಿ ಹಾಕಲಿಲ್ಲ. ನಾನು ಒಲೆ ಹಚ್ಚಲಿಲ್ಲ, ಯಾರೂ ಊಟ ಕೇಳಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಮಗಳು, "ಅವ್ವಾ, ಕುಡೀತೈತೆ" ಎಂದಳು. ಅತ್ತುಬಿಟ್ಟೆ.

ಸಿಟ್ಟಿನಲ್ಲೇ ಮುದ್ದೆ ತಿರುವಿದೆ. ಅತ್ತಿಗೆ ಮೂಲೆಯಲ್ಲಿ ಮುಖಕ್ಕೆ ಸೆರಗು ಹಿಡಿದು ಕೂತಿದ್ದರು.

"ಏಳ್ರಿ. ನೀವು ಉಪಾಸ ಕೂತ್ರೆ ನನ್ನ ಸಿಟ್ಟೇನು ಇಳಿಯಲ್ಲ" ಎಂದು ತಟ್ಟೆ ಇಟ್ಟೆ.

ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದು ಅವತ್ತು ಯಾರಿಗೂ ನೆನಪಾಗಲಿಲ್ಲ. ಬಾಣಂತಿಯ ಕೋಣೆಯ ಬಾಗಿಲಲ್ಲೇ ಎಲ್ಲರೂ ಸಾಲಾಗಿ ಕೂತು, ಕೂಸು ಚೀಪುವ ಸದ್ದು ಕೇಳುತ್ತ ಉಂಡೆವು.