ಸತ್ಯಣ್ಣ ‘ಒಪ್ಪಿದೆ’ ಒತ್ತಿದ ದಿನ

ಸತ್ಯಣ್ಣನ ನಿಜವಾದ ಹೆಸರು ಬೇರೆ. ಅದೀಗ ಅಂಗಡಿಯ ಪರವಾನಗಿ ಪತ್ರದಲ್ಲಿ ಮಾತ್ರ ಉಳಿದಿದೆ. ಬೀದಿಯವರು ಅವನನ್ನು ಸತ್ಯಣ್ಣ ಎಂದು ಕರೆಯತೊಡಗಿದ್ದು ಹೊಗಳುವುದಕ್ಕಲ್ಲ. “ಈ ಶರ್ಟು ನನಗೆ ಒಪ್ಪುತ್ತಾ?” ಎಂದು ಯಾರಾದರೂ ಬಾಯಿಮಾತಿಗೆ ಕೇಳಿದರೆ ಅವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ವಲ್ಪ ಯೋಚಿಸಿ, “ಇಲ್ಲ” ಅನ್ನುತ್ತಿದ್ದ. ಹಾಗೆ ಕೇಳಿದವರಲ್ಲಿ ಕೆಲವರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಅವನದು ಮೆಷಿನ್ ಕಸೂತಿಯ ಕೆಲಸ. ಮಹಡಿಯ ಮೇಲಿನ ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಸೂತಿ ಮೆಷಿನ್ನು, ಗೋಡೆಯುದ್ದಕ್ಕೂ ನೂಲಿನ ಉಂಡೆಗಳು. ಮೂಲೆಯಲ್ಲಿ, ಅವನ ತಾಯಿಯ ಮಂಚವಿದ್ದ ಜಾಗದಲ್ಲಿ, ಈಗ ಕಂಪ್ಯೂಟರ್ ಇತ್ತು. ಪ್ರತಿ ಸಲವೂ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಅಳತೆ ಹೊಂದಿಸಿ, ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಸಿಕ್ಕಿಸಿದರೆ ಸೂಜಿ ತನ್ನ ಪಾಡಿಗೆ ಹೊಲಿಯುತ್ತಿತ್ತು. ದೊಡ್ಡಾಸ್ಪತ್ರೆಯ ನರ್ಸುಗಳ ಬ್ಯಾಡ್ಜನ್ನು ಹತ್ತೊಂಬತ್ತು ವರ್ಷದಿಂದ ಅವನೇ ಹೊಲಿಯುತ್ತಿದ್ದ.

ಒಂದು ಗುರುವಾರ ಬೆಳಿಗ್ಗೆ ಕಂಪ್ಯೂಟರ್ ಕೈಕೊಟ್ಟಿತು. ಅದೇ ಹೊತ್ತಿಗೆ ಆಸ್ಪತ್ರೆಯ ಮೇಟ್ರನ್ ಫೋನ್ ಮಾಡಿದರು.

“ಸೋಮವಾರ ಅರವತ್ತು ಜನ ಹೊಸಬರು ಸೇರ್ತಾರೆ. ಶನಿವಾರ ಸಂಜೆಗೆ ಬ್ಯಾಡ್ಜ್ ಕೈಗೆ ಬರಬೇಕು. ಆಗುತ್ತಾ?”

“ಗೊತ್ತಿಲ್ಲ ಮೇಡಂ,” ಅಂದ ಸತ್ಯಣ್ಣ.

“ಆಗುತ್ತೆ ಅಂತ ಹೇಳೋಕೆ ಏನ್ರೀ ಕಷ್ಟ? ಎದುರಿಗಿರೋ ದೊಡ್ಡ ಅಂಗಡಿಯವರು ಕೇಳೋ ಮೊದಲೇ ಆಗುತ್ತೆ ಅಂತಾರೆ. ಶನಿವಾರ ತಪ್ಪಿದರೆ ಇನ್ಮೇಲೆ ಈ ಕೆಲಸ ಅವರಿಗೇ.”

ಹೆಂಡತಿ ತಡಮಾಡದೆ ತನ್ನ ತಮ್ಮನನ್ನು ಕರೆಸಿದಳು. ಅವನು ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ತನ್ನ ಮನೆಯಲ್ಲಿದ್ದ ಒಂದು ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಅದರಲ್ಲಿದ್ದದ್ದು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ, ಬಿಚ್ಚಿ ನೋಡಬಹುದಾದ ಮುಕ್ತ ವ್ಯವಸ್ಥೆ. ಆದರೆ ಸತ್ಯಣ್ಣನ ಕಸೂತಿ ಸಾಫ್ಟ್‌ವೇರ್ ಬೇರೆ ವ್ಯವಸ್ಥೆಗೆಂದು ಹುಟ್ಟಿದ್ದು. ಮಾಡಿದ ಕಂಪನಿ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಳೆಯ ಸಿಡಿಯೊಂದರಲ್ಲಿ ಉಳಿದದ್ದು ಕಸೂತಿಯ ಚಿತ್ರಗಳು ಮತ್ತು ಸಾಫ್ಟ್‌ವೇರನ್ನು ಹೊಸದಾಗಿ ಕೂರಿಸುವ ಒಂದೇ ಒಂದು ಫೈಲು. ಅದರ ಮೇಲೆ ಎರಡು ಸಲ ಒತ್ತಿದರೆ ಓಡುವ ಬದಲು ಚೀಲದ ಹಾಗೆ ಬಾಯಿ ತೆರೆದು, ಒಳಗಿದ್ದ ಚೂರುಪಾರುಗಳ ಪಟ್ಟಿ ತೋರಿಸಿತು.

“ಇದಕ್ಕೆ ಇಲ್ಲಿಯ ಭಾಷೆ ಬರಲ್ಲ ಭಾವ,” ಅಂದ ಭಾವಮೈದುನ. “ನಡುವೆ ಒಬ್ಬ ದುಭಾಷಿನ ಕೂರಿಸ್ತೀನಿ. ಇದು ಕೇಳಿದ್ದನ್ನ ಅವನು ಇಲ್ಲಿಯ ಭಾಷೇಲಿ ದಾಟಿಸ್ತಾನೆ.”

ದುಭಾಷಿಯೆಂದರೆ ಅದೂ ಒಂದು ಸಾಫ್ಟ್‌ವೇರೇ. ಅದನ್ನು ಹಾಕಿದ ಮೇಲೆ ಫೈಲು ಎದ್ದು ಕುಳಿತು, ಮೊದಲಿಗೆ ಕರಾರು ಪತ್ರವನ್ನು ಮುಂದಿಟ್ಟಿತು.

ಇಲ್ಲಿ ಒಂದು ಮಾತು ಹೇಳಬೇಕು. ಸತ್ಯಣ್ಣ ಓದದೆ ಯಾವುದಕ್ಕೂ ಒಪ್ಪಿದವನಲ್ಲ. ಮದುವೆ ನೋಂದಣಿಯ ದಿನ ಅವನು ಅರ್ಜಿಯ ಹಿಂಬದಿಯ ಸಣ್ಣಕ್ಷರವನ್ನೂ ಓದಿ ಮುಗಿಸುವಷ್ಟರಲ್ಲಿ ಹಿಂದೆ ಐದು ಜೋಡಿಗಳು ಕಾದು ನಿಂತಿದ್ದವು. ಅದರಲ್ಲಿ ಒಂದು ಜೋಡಿ ಜಗಳವಾಡಿಕೊಂಡು ಮನೆಗೆ ಹೋಯಿತು.

ಕರಾರು ಮೂವತ್ತೊಂದು ಪುಟವಿತ್ತು. ಹದಿನಾಲ್ಕನೆಯ ಪುಟದಲ್ಲಿ ಊಟಕ್ಕೆ ಎದ್ದು, ಬಂದು ಮತ್ತೆ ಕುಳಿತ. ಇಪ್ಪತ್ತೆರಡರಲ್ಲಿ ಅವನ ಬೆರಳು ನಿಂತಿತು. ‘ಈ ಸಾಫ್ಟ್‌ವೇರನ್ನು ಅದಕ್ಕೆ ಹೊಂದುವ ವ್ಯವಸ್ಥೆಯಲ್ಲೇ ನಡೆಸುತ್ತಿದ್ದೇನೆಂದು ಬಳಕೆದಾರ ಖಚಿತಪಡಿಸುತ್ತಾನೆ.’

“ಹೊಂದುತ್ತಾ?”

“ದುಭಾಷಿ ಇದ್ದಾನಲ್ಲ, ಹೊಂದುತ್ತೆ. ಇದು ತನ್ನ ಸಾಮಾನು ಇಡೋ ಸಿ ಡ್ರೈವ್ ಎಲ್ಲಿ ಅಂತ ಕೇಳುತ್ತೆ. ನಮ್ಮಲ್ಲಿ ಸಿ ಡ್ರೈವ್ ಅನ್ನೋದೇ ಇಲ್ಲ. ಅವನು ಒಂದು ಫೋಲ್ಡರ್ ತೋರಿಸಿ, ತಗೋ, ಇದೇ ಸಿ ಡ್ರೈವ್ ಅಂತಾನೆ. ಇದು ತನ್ನ ಮನೇಲೇ ಇದ್ದೀನಿ ಅಂದ್ಕೊಂಡು ಕೆಲಸ ಮಾಡುತ್ತೆ.”

“ಅಂದ್ರೆ ಸುಳ್ಳು ಹೇಳ್ತಾನೆ.”

“ಸುಳ್ಳಲ್ಲ ಭಾವ. ಅನುಕೂಲ.”

ಸತ್ಯಣ್ಣ ‘ಒಪ್ಪುವುದಿಲ್ಲ’ ಒತ್ತಿದ. ಫೈಲು ಧನ್ಯವಾದ ಹೇಳಿ ಮುಚ್ಚಿಕೊಂಡಿತು.

ಭಾವಮೈದುನ ಮತ್ತೆ ತೆರೆದ. ಈ ಬಾರಿಯೂ ಸತ್ಯಣ್ಣ ಮೊದಲ ಪುಟದಿಂದಲೇ ಓದಿದ, ಏಕೆಂದರೆ ನಡುವೆ ಏನಾದರೂ ಬದಲಾಗಿರಬಹುದು. ಬದಲಾಗಿರಲಿಲ್ಲ. ಮತ್ತೆ ‘ಒಪ್ಪುವುದಿಲ್ಲ’ ಒತ್ತಿದ.

“ಅಕ್ಕಾ, ನಿನ್ನ ಗಂಡ ಹರಿಶ್ಚಂದ್ರನಿಗೂ ಪಾಠ ಹೇಳ್ತಾನೆ,” ಎಂದು ಭಾವಮೈದುನ ಚಪ್ಪಲಿ ಮೆಟ್ಟಿದ. “ನನಗೂ ಕೆಲಸ ಇದೆ. ಮತ್ತೆ ತೆರೆದಿಟ್ಟಿದೀನಿ, ಮನಸ್ಸು ಬದಲಾದರೆ ಒತ್ತೋಕೆ ಹೇಳು, ಉಳಿದದ್ದು ತಾನೇ ಆಗುತ್ತೆ.”

ಶುಕ್ರವಾರ ಇಡೀ ದಿನ ಮೆಷಿನ್ನು ಸುಮ್ಮನೆ ನಿಂತಿತ್ತು. ಸತ್ಯಣ್ಣ ಅದಕ್ಕೆ ಎಣ್ಣೆ ಬಿಟ್ಟ. ಬ್ಯಾಡ್ಜಿಗೆ ಬೇಕಾದ ಮೂರು ಬಣ್ಣದ ನೂಲನ್ನು ಪೋಣಿಸಿಟ್ಟ. ಕಿಟಕಿಯಿಂದ ಎದುರಿನ ದೊಡ್ಡ ಅಂಗಡಿಯನ್ನು ನೋಡಿದ. ಅಲ್ಲಿ ನಾಲ್ಕು ಮೆಷಿನ್ನುಗಳು ಒಟ್ಟಿಗೆ ಓಡುತ್ತಿದ್ದವು.

ಶನಿವಾರ ಬೆಳಿಗ್ಗೆ ಹೆಂಡತಿ ಕಾಫಿ ತಂದು, ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

“ರೀ, ಇದೇ ಮೂಲೇಲಿ ಅತ್ತೆ ಎರಡು ವರ್ಷ ಮಲಗಿದ್ರು.”

“ಹೌದು. ಎರಡು ವರ್ಷ ಒಂದು ತಿಂಗಳು.”

“ಹಳೇ ಮನೇಲೇ ಇದ್ದೀನಿ ಅಂದ್ಕೊಂಡಿದ್ರು. ದಿನಾ ಸಂಜೆ ಏನು ಕೇಳೋರು?”

“ಹಿತ್ತಲ ಬಾಗಿಲು ಹಾಕಿದ್ಯೇನೋ ಮಗಾ ಅಂತ.”

“ನೀವೇನಂತಿದ್ರಿ?”

ಸತ್ಯಣ್ಣ ಕಾಫಿಯನ್ನು ಕೆಳಗಿಟ್ಟ. “ಹಾಕಿದೀನಮ್ಮ ಅಂತಿದ್ದೆ.”

“ಈ ಮನೆಗೆ ಹಿತ್ತಲಿದೆಯಾ?”

“ಇಲ್ಲ.”

“ಮತ್ತೆ?”

“ಮೊದಲೊಂದು ಸಲ ನಿಜ ಹೇಳಿದ್ದೆ. ಅಮ್ಮ ಗಾಬರಿಯಾಗಿ ರಾತ್ರಿಯೆಲ್ಲ ಕೂತೇ ಇದ್ದಳು. ಆಮೇಲಿಂದ ನಮ್ಮ ಮುಂದಿನ ಬಾಗಿಲು ಹಾಕಿ ಬಂದು, ಹಾಕಿದೀನಿ ಅಂತಿದ್ದೆ. ಅವಳು ಕೇಳ್ತಿದ್ದದ್ದು ಅಷ್ಟೇ. ಬಾಗಿಲು ಭದ್ರವಾಗಿದೆಯಾ ಅಂತ.”

“ಇದು ಕೇಳ್ತಿರೋದೂ ಅಷ್ಟೇ. ಚಿತ್ರ ಇಡೋಕೆ ಜಾಗ ಇದೆಯಾ ಅಂತ. ಇದೆ ತಾನೇ?”

“ಇದೆ. ಬೇಕಾದಷ್ಟಿದೆ.”

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಸತ್ಯಣ್ಣ ಮೂವತ್ತೊಂದು ಪುಟವನ್ನು ಮೂರನೆಯ ಬಾರಿ ಓದಿ, ‘ಹೊಂದುವ’ ಎಂಬಲ್ಲಿ ಸ್ವಲ್ಪ ನಿಂತು, ಮುಂದೆ ಹೋಗಿ, ‘ಒಪ್ಪಿದೆ’ ಒತ್ತಿದ. ಸಾಫ್ಟ್‌ವೇರ್ ಸಿ ಡ್ರೈವ್ ಹುಡುಕುತ್ತಿದ್ದೇನೆ ಎಂದಿತು.

“ಇಲ್ಲೇ ಇದೆ,” ಅಂದ ಸತ್ಯಣ್ಣ ಮೆಲ್ಲಗೆ.

ಹನ್ನೊಂದು ಗಂಟೆಗೆ ಸೂಜಿ ಓಡತೊಡಗಿತು. ಆರೂವರೆಗೆ ಅರವತ್ತನೆಯ ಬ್ಯಾಡ್ಜಿನ ದಾರ ಕತ್ತರಿಸಿದ. ಏಳಕ್ಕೆ ಮೇಟ್ರನ್ ತಾವೇ ಮೆಟ್ಟಿಲು ಹತ್ತಿ ಬಂದು, ಹಳೆಯದೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಒಂದು ಹೊಲಿಗೆಯೂ ಹೆಚ್ಚುಕಮ್ಮಿಯಾಗಿರಲಿಲ್ಲ.

“ಅಂತೂ ಆಯ್ತಲ್ಲ,” ಅಂದರು. ಮೂಲೆಯ ಕಡೆ ಕಣ್ಣು ಹಾಯಿಸಿ, “ಹೊಸ ಕಂಪ್ಯೂಟರಾ?” ಎಂದು ಕೇಳಿದರು.

ಸತ್ಯಣ್ಣ ಒಮ್ಮೆ ಕಂಪ್ಯೂಟರಿನತ್ತ ತಿರುಗಿ ನೋಡಿ, ದನಿ ತಗ್ಗಿಸಿದ.

“ಹೌದು ಮೇಡಂ. ಒಳಗಿರೋ ಸಾಫ್ಟ್‌ವೇರಿಗಿನ್ನೂ ಹೇಳಿಲ್ಲ.”