ಹೂಮಳೆ ಬಿಟ್ಟುಕೊಟ್ಟವಳು

ಮಾರ್ಚ್ ತಿಂಗಳು ಹುಟ್ಟಿತೆಂದರೆ ದೊಡ್ಡಮ್ಮನ ಎರಡೂ ಕಿವಿಗಳಲ್ಲಿ ಬೂರುಗದ ಹತ್ತಿಯ ಉಂಡೆಗಳು ಬಂದು ಕೂರುತ್ತಿದ್ದವು. ಗುಡುಗಿಗೆ ಹೆದರಿ. ಆಕಾಶದಲ್ಲಿ ಮೋಡದ ಸುಳಿವಿಲ್ಲದಿದ್ದರೂ ಅವು ಅಲ್ಲಿ ಇರಲೇಬೇಕು. ಮಾತಾಡಿಸಿದರೆ ಬಲಗಿವಿಯದನ್ನು ಮಾತ್ರ ಎರಡು ಬೆರಳಲ್ಲಿ ತೆಗೆದು, "ಎಂಥ?" ಎಂದು ಕೇಳಿ, ಉತ್ತರ ಪೂರ್ತಿಯಾಗುವ ಮೊದಲೇ ಮತ್ತೆ ತುರುಕಿಕೊಳ್ಳುತ್ತಿದ್ದಳು. ಹೇಳುವುದನ್ನು ಚುಟುಕಾಗಿ ಹೇಳಿ ಮುಗಿಸುವ ನನ್ನ ಅಭ್ಯಾಸ ಅಲ್ಲಿಂದಲೇ ಬಂದದ್ದು.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಬಾಳೂರಿನ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕುಯ್ದು, ಕಣದಲ್ಲಿ ಬೀಜ ಒಣಗಿಸಿ ಬದುಕಿದಳು. ಮನೆಯ ಹಿಂದೆ ಅವಳದೇ ಅಂತ ಅರ್ಧ ಎಕರೆ ಕಾಫಿ ಇತ್ತು. ಅವಳಷ್ಟು ಪುಕ್ಕಲು ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಆನೆಗೆ ಹೆದರುವುದು ಸರಿ, ನಮ್ಮ ಕಡೆ ಆನೆಗೆ ಹೆದರದಿದ್ದರೆ ಬದುಕುವುದೇ ಕಷ್ಟ. ಆದರೆ ಇವಳಿಗೆ ಜೀಪು ತಿರುವು ತೆಗೆದುಕೊಂಡರೂ ಭಯ, ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ಕೊಂಬೆ ಲಟಕ್ ಅಂದರೂ ಭಯ, ಪೋಸ್ಟ್‌ಮನ್ ಅಂಗಳಕ್ಕೆ ಕಾಲಿಟ್ಟರೂ ಭಯ. ನಾನು ರೇಗಿದರೆ ಅವಳ ಉತ್ತರ ಒಂದೇ.

"ಹೆದರಿಕೆ ಇದ್ರೆ ತಾನೆ ಬೇಡ್ಕೊಳ್ಳೋದು? ಧೈರ್ಯ ಇದ್ದವ್ರಿಗೆ ದೇವರ ಹತ್ರ ಎಂಥ ಕೆಲಸ ಮಾರಾಯ್ತಿ?"

ನಮ್ಮದು ಸಣ್ಣ ಕ್ರೈಸ್ತ ಸಭೆ. ತೋಟದ ಕೆಲಸದವರು, ಡ್ರೈವರುಗಳು, ಒಬ್ಬಿಬ್ಬರು ತೋಟದ ಮಾಲೀಕರು, ಎಲ್ಲ ಸೇರಿದರೂ ಚರ್ಚಿನ ಹಿಂದಿನ ಬೆಂಚುಗಳು ಖಾಲಿಯೇ. ಆದರೂ ಕಡಲಾಚೆಯ ಸೇವೆಗೆ ಕೊಡುವುದರಲ್ಲಿ ನಮ್ಮವರ ಕೈ ದೊಡ್ಡದು. ಅನ್ನಕ್ಕೆ ಇಡುವ ಮುನ್ನ ಪ್ರತಿ ಮನೆಯಲ್ಲೂ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ತಿಂಗಳಿಗೊಮ್ಮೆ ಹೆಂಗಸರು ಅದನ್ನೆಲ್ಲ ಕೂಡಿಸಿ ಮಾರಿ, ಬಂದದ್ದನ್ನು ದೂರದ ಆಸ್ಪತ್ರೆ, ಶಾಲೆಗಳಿಗೆ ಕಳಿಸುತ್ತಾರೆ. ಆ ಹಿಡಿ ಹಾಕುವಾಗ ದೊಡ್ಡಮ್ಮ ಕಣ್ಣು ಮುಚ್ಚಿ, ಯಾರೆಂದು ಗೊತ್ತಿಲ್ಲದ ಜನಕ್ಕಾಗಿ ಒಂದು ಪ್ರಾರ್ಥನೆ ಹೇಳುತ್ತಿದ್ದಳು. ಅವರಿಗೆ ಜ್ವರ ಬಾರದಿರಲಿ, ಹಾವು ಕಚ್ಚದಿರಲಿ, ದೋಣಿ ಮಗುಚದಿರಲಿ. ತನಗೆ ತಿಳಿದ ಭಯಗಳನ್ನೆಲ್ಲ ಅವರ ಪರವಾಗಿ ತಾನೇ ಪಟ್ಟು ಮುಗಿಸುತ್ತಿದ್ದಳು.

ನಾನು ನರ್ಸಿಂಗ್ ಮುಗಿಸಿ, ಕೆಲವು ವರ್ಷ ಕೆಲಸ ಮಾಡಿ, ಆಫ್ರಿಕದ ಒಂದು ಮಿಷನ್ ಆಸ್ಪತ್ರೆಗೆ ಹೋಗುತ್ತೇನೆ ಎಂದಾಗ ಸಭೆಯವರೆಲ್ಲ ಸಂತೋಷಪಟ್ಟರು. ನನ್ನ ಖರ್ಚಿನ ಒಂದು ಪಾಲು ತಾವೇ ಹೊರುತ್ತೇವೆ ಎಂದರು. ದೊಡ್ಡಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ನಾನು ಕೊಟ್ಟಿದ್ದು ಅಕ್ಕಿ," ಅಂದಳು. "ಹುಡುಗೀನ ಕೊಡ್ತೀನಿ ಅಂತ ಯಾವತ್ತೂ ಹೇಳಿರ್ಲಿಲ್ಲ."

ನಾನು ಹೊರಟ ಮೇಲೆ ಕೆಲವು ದಿನ ಡಬ್ಬಿಗೆ ಅಕ್ಕಿ ಹಾಕುವುದನ್ನೇ ಬಿಟ್ಟಿದ್ದಳಂತೆ. ಇದನ್ನು ನನಗೆ ಹೇಳಿದ್ದು ಅಮ್ಮನವರು, ಅಂದರೆ ನಮ್ಮ ಪಾದ್ರಿ ಅಯ್ಯನವರ ಹೆಂಡತಿ. ಕೇಳಿದ್ದಕ್ಕೆ, "ಅವಳನ್ನೇ ತಗೊಂಡಾಯ್ತಲ್ಲ, ಇನ್ನು ಅಕ್ಕಿ ಬೇರೆ ಯಾಕೆ?" ಅಂದಳಂತೆ. ಆಮೇಲೆ ಅವಳಿಗೇ ಹೆದರಿಕೆಯಾಯಿತು. ತನ್ನ ಸಿಟ್ಟಿಗೆ ದೇವರು ನನ್ನ ಮೇಲೆ ಏನಾದರೂ ತೀರಿಸಿಕೊಂಡರೆ? ಅಂದಿನಿಂದ ಹೊತ್ತಿಗೆ ಎರಡು ಹಿಡಿ.

ಆ ದೇಶದ ಹೆಸರು ಬರೆಯುವುದಿಲ್ಲ. ನಮ್ಮ ಜೊತೆಯವರು ಇನ್ನೂ ಅಲ್ಲಿದ್ದಾರೆ. ಅದು ಬಟ್ಟ ಬಯಲು. ಕಣ್ಣು ಹಾಯಿಸಿದಷ್ಟೂ ಒಣಹುಲ್ಲು, ನಡುವೆ ಒಂದು ಮಣ್ಣಿನ ರಸ್ತೆ, ರಸ್ತೆಯ ಕೊನೆಗೆ ನಮ್ಮ ತಗಡಿನ ಆಸ್ಪತ್ರೆ. ದೊಡ್ಡಮ್ಮನ ಪ್ರಾರ್ಥನೆ ಅಲ್ಲಿಗೆ ವಾಟ್ಸಾಪಿನಲ್ಲಿ ಬರುತ್ತಿತ್ತು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ, ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸರ ಜೊತೆ ಮೋರಿಯ ತಿರುವಿನವರೆಗೆ ಬಂದು, ಆನೆ ಬಂದೀತೆಂದು ಆಚೀಚೆ ನೋಡುತ್ತಲೇ ಫೋನಿಗೆ ಪ್ರಾರ್ಥನೆ ಹೇಳಿ, ಮನೆಗೆ ಓಡುತ್ತಿದ್ದಳು. ಏದುಸಿರು, ಹೆಂಗಸರ ನಗು ಎಲ್ಲ ಅದರಲ್ಲಿ ಕೇಳುತ್ತಿತ್ತು. ಕೊನೆಯ ಮಾತು ದಿನವೂ ಅದೇ: "ಕರ್ತನೇ, ಅಲ್ಲಿ ಮಳೆ ಹಿಡೀದೆ ಇರ್ಲಿ. ಗುಡುಗು, ಸಿಡಿಲು ಅವಳ ಹತ್ರ ಸುಳೀದೆ ಇರ್ಲಿ. ಆಮೆನ್."

ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಎರಡನೆಯ ವರ್ಷದ ಬೇಸಗೆಯಲ್ಲಿ ನಗು ನಿಂತಿತು.

ಉತ್ತರದ ಕಡೆ ಹೊಡೆದಾಟ ಶುರುವಾಗಿತ್ತು. ಬಂದೂಕಿನವರು ಲಾರಿಗಳಲ್ಲಿ ಊರೂರು ಸುಡುತ್ತಾ ಕೆಳಗಿಳಿಯುತ್ತಿದ್ದಾರೆಂದು ಓಡಿಬಂದವರು ಹೇಳಿದರು. ಅವರ ಗಾಯಗಳಿಗೆ ಹೊಲಿಗೆ ಹಾಕಿದವಳು ನಾನೇ, ಆದ್ದರಿಂದ ನಂಬದೆ ಇರುವ ದಾರಿ ಇರಲಿಲ್ಲ. ವಾರ್ಡಿನಲ್ಲಿ ತಟ್ಟೆ ಕೆಳಗೆ ಬಿದ್ದರೂ ಬಾಣಂತಿಯರು ಮಕ್ಕಳನ್ನು ಎದೆಗೊತ್ತಿಕೊಂಡು ಬಾಗಿಲು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅವರನ್ನು ಬಿಟ್ಟು ಹೊರಡುವಂತಿರಲಿಲ್ಲ, ಉಳಿಯುವ ಧೈರ್ಯವೂ ಇರಲಿಲ್ಲ. ಆಸ್ಪತ್ರೆಯ ಕಾವಲುಗಾರ ದಿನಾ ಆಕಾಶ ನೋಡಿ ಒಂದೇ ಮಾತು ಹೇಳುತ್ತಿದ್ದ. ಮಳೆ ಬಿದ್ದರೆ ಈ ಮಣ್ಣು ಅಂಟಿನ ಹಾಗಾಗುತ್ತದೆ, ಲಾರಿ ಬರಲಾರದು. ಮಳೆ ಮೊದಲು ಬಂದರೆ ನಾವು ಉಳಿದೆವು, ಅವರು ಮೊದಲು ಬಂದರೆ ಇಲ್ಲ.

ಆ ದಿನ ಬೆಳಗ್ಗೆ ಮತ್ತೆ ದೊಡ್ಡಮ್ಮನ ದನಿ ಬಂತು. ಅಲ್ಲಿ ಮಳೆ ಹಿಡೀದೆ ಇರ್ಲಿ. ನನಗೆ ತಲೆ ಕೆಟ್ಟುಹೋಯಿತು. ಕೂಡಲೇ ಫೋನ್ ಮಾಡಿದೆ. ಅವಳಿನ್ನೂ ತಿರುವಿನಲ್ಲೇ ಇದ್ದಳು.

"ದೊಡ್ಡಮ್ಮಾ, ಮಳೆ ಬೇಡ ಅಂತ ಬೇಡ್ಕೋಬೇಡ! ಮಳೆ ಬಂದ್ರೇ ನಾವು ಬದುಕೋದು!" ಎಂದು ಕಿರುಚಿ, ಎಲ್ಲವನ್ನೂ ಹೇಳಿದೆ.

ಅವಳು ಸಣ್ಣ ದನಿಯಲ್ಲಿ, "ಹಾಗಾದ್ರೆ ಇಷ್ಟು ದಿನ ಅಲ್ಲಿ ಮಳೆ ತಡೆದು ನಿಲ್ಸಿದ್ದು ನಾನೇನಾ?" ಎಂದು ಕೇಳಿದಳು.

ಹಾಗಲ್ಲ, ಮಳೆ ಹಾಗೆಲ್ಲ ಯಾರ ಮಾತೂ ಕೇಳುವುದಿಲ್ಲ ಎಂದು ಹೇಳಬೇಕಿತ್ತು. ಓದಿದವಳು ನಾನು. ಆದರೆ ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೂ ಅದು ಅಷ್ಟು ಖಾತ್ರಿ ಇರಲಿಲ್ಲ.

ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ ಹೂಮಳೆಯ ಪ್ರಾರ್ಥನೆ. ಆ ಕಾಲದಲ್ಲಿ ಒಂದು ಹದ ಮಳೆ ಬಿದ್ದರೆ ಕಾಫಿ ಮೊಗ್ಗು ಬಿರಿದು ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಕಲು, ಆ ವರ್ಷದ ಫಸಲು ಹೋದಂತೆ. ಸ್ಪ್ರಿಂಕ್ಲರ್ ಇಟ್ಟವರು ಹೇಗೋ ಸುಧಾರಿಸುತ್ತಾರೆ, ಉಳಿದವರಿಗೆ ಆಕಾಶವೇ ಗತಿ. ಅದಕ್ಕೇ ಪ್ರತಿ ವರ್ಷ ಆ ದಿನ ಚರ್ಚಿನ ಹಿಂದಿನ ಬೆಂಚುಗಳೂ ತುಂಬಿರುತ್ತವೆ. ಅಯ್ಯನವರು ಹೆಂಗಸರ ಕಡೆಯಿಂದ ಯಾರಾದರೂ ಪ್ರಾರ್ಥಿಸಲಿ ಎಂದರಂತೆ. ಎಂದೂ ಬಾಯಿ ಬಿಡದ ದೊಡ್ಡಮ್ಮ ಎದ್ದು ನಿಂತಳು.

"ಕರ್ತನೇ, ನಾನು ಇಷ್ಟು ದಿನ ಕೇಳಿದ್ದು ತಪ್ಪಾಯ್ತು. ಅದನ್ನ ಮರೆತುಬಿಡು. ನಮಗೆ ಅಂತ ಇಟ್ಟಿರೋ ಮಳೆ ಇದ್ರೆ ಅದನ್ನ ಅಲ್ಲಿಗೆ ಕೊಡು. ಆ ರಸ್ತೆ ಮುಚ್ಚು. ಇಲ್ಲಿ ನಾವು ಹೇಗೋ ಆಗ್ತೇವೆ."

ಆಮೆನ್ ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲವಂತೆ. ಕೊನೆಗೆ ಅಯ್ಯನವರೇ ಮೆಲ್ಲಗೆ ಅಂದು, ಬೇಗ ಬೇಗ ಮುಂದಿನ ಹಾಡು ಹಿಡಿದರು. ಹೊರಗೆ ಬಂದ ಮೇಲೆ ಸಭೆಯ ಹಿರಿಯರೂ ತೋಟದ ಮಾಲೀಕರೂ ಆದ ಸಾವ್ಕಾರ್ರು, "ಎಂಥ ಮಾರಾಯ್ತಿ, ನಮ್ಮ ಹೂಮಳೇನೇ ಪಾರ್ಸಲ್ ಮಾಡಿಬಿಟ್ಯಲ್ಲ!" ಅಂದರು. ಎಲ್ಲರೂ ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಮೋಡ ಕಟ್ಟುತ್ತಿತ್ತು, ಗಾಳಿ ಬೀಸುತ್ತಿತ್ತು, ಮೋಡ ಹೋಗುತ್ತಿತ್ತು. ಕಳಸದಲ್ಲಿ ಬಿತ್ತು, ಹೊರನಾಡಿನಲ್ಲಿ ಬಿತ್ತು, ಬಾಳೂರಿನ ನೆತ್ತಿಗೆ ಬಂದದ್ದು ಹಾಗೇ ದಾಟಿ ಹೋಯಿತು. ಹಾಲಿನ ಡೈರಿಯ ಹತ್ತಿರ ದೊಡ್ಡಮ್ಮ ಬಂದರೆ ಮಾತು ನಿಲ್ಲತೊಡಗಿತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ನನಗೆ ಪ್ರಾರ್ಥನೆ ಕಳಿಸುವುದನ್ನು ನಿಲ್ಲಿಸಿದಳು. ಫೋನಿನಲ್ಲಿ ಒಂದೇ ಪ್ರಶ್ನೆ, "ಅಲ್ಲಿ ಬಂತಾ?"

"ಇನ್ನೂ ಇಲ್ಲ ದೊಡ್ಡಮ್ಮ."

"ಇಲ್ಲೂ ಇಲ್ಲ," ಅನ್ನುತ್ತಿದ್ದಳು. "ಅವ್ರದ್ದೂ ಕಳೆದೆ, ನಿಂದೂ ಉಳಿಸ್ಲಿಲ್ಲ."

ಕೊನೆಗೆ ನಮ್ಮ ಆಸ್ಪತ್ರೆಯ ಕಡೆ ಮಳೆ ಬಂತು. ನಡುಮಧ್ಯಾಹ್ನ ಆಕಾಶ ಕಪ್ಪಾಗಿ, ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಹೊಡೆಯಿತು. ಕಾವಲುಗಾರ ಅಂಗಳದಲ್ಲಿ ಮೊಣಕಾಲೂರಿ ಕೆಸರನ್ನು ಮುಖಕ್ಕೆ ಬಳಿದುಕೊಂಡ. ಲಾರಿಗಳು ನಮ್ಮಿಂದ ಅರ್ಧ ದಿನದ ದಾರಿಯಲ್ಲಿ ಹೂತುಕೊಂಡವೆಂದು ಆಮೇಲೆ ತಿಳಿಯಿತು. ಮರುದಿನ ಬೆಳಗ್ಗೆ, ದೊಡ್ಡಮ್ಮ ತಿರುವಿಗೆ ಬರುವ ಹೊತ್ತಿಗೆ, ನಾನು ಅಳುತ್ತಾ ಫೋನ್ ಮಾಡಿದೆ.

"ಗುಡುಗು ಇತ್ತಾ?" ಎಂದಳು.

"ಇತ್ತು ದೊಡ್ಡಮ್ಮ, ಜೋರಾಗೇ ಇತ್ತು."

ಅವಳೂ ಅತ್ತಳು. ಸಂತೋಷಕ್ಕೆ ಎಂದುಕೊಂಡೆ. "ಯಾರಿಗೂ ಹೇಳ್ಬೇಡ," ಅಂದಳು. "ಅಯ್ಯನವ್ರಿಗೂ ಬರೀಬೇಡ. ಅಲ್ಲಿ ಬಂತು ಅಂತ ಗೊತ್ತಾದ್ರೆ ಇಲ್ಲಿಯವ್ರಿಗೆ ನಾನು ಎಂಥ ಮುಖ ತೋರಿಸ್ಲಿ?"

ಪ್ರಾರ್ಥನೆ ಫಲಿಸಿತೆಂದರೆ ನಮ್ಮ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಪರೀಕ್ಷೆ ಪಾಸಾದರೂ ಹೇಳುತ್ತಾರೆ, ಕಳೆದುಹೋದ ಹಸು ಸಿಕ್ಕಿದರೂ ಹೇಳುತ್ತಾರೆ. ನನ್ನ ದೊಡ್ಡಮ್ಮ ಮಾತ್ರ ಕೇಳಿದ್ದು ಸಿಕ್ಕಿದ್ದಕ್ಕೆ ಕದ್ದವಳ ಹಾಗೆ ಬಾಗಿಲು ಹಾಕಿಕೊಂಡು ಕೂತಳು. ಚರ್ಚಿಗೂ ಹೋಗಲಿಲ್ಲ.

ಆಮೇಲೆ ಒಂದು ದಿನ ಅಂಗಳದಲ್ಲಿ ಸಾವ್ಕಾರ್ರ ಜೀಪು ನಿಂತಿತು. ಸಭೆಯಿಂದ ತನ್ನನ್ನು ತೆಗೆಯುತ್ತಾರೆ ಎಂದೇ ಅವಳು ತಿಳಿದದ್ದು. ಇದನ್ನು ನನಗೆ ಅವಳೇ ಫೋನಿನಲ್ಲಿ ಪಿಸುಗುಟ್ಟುತ್ತಾ ಹೇಳಿದಳು. ಅವರು ಕೂರಲಿಲ್ಲವಂತೆ.

"ಅಲ್ಲಿ ಬಂತಾ ಮಳೆ?"

ದೊಡ್ಡಮ್ಮನಿಗೆ ಸುಳ್ಳು ಹೇಳಲೂ ಭಯ. "ಬಂತು ಸಾವ್ಕಾರ್ರೇ."

"ಹುಡುಗಿ?"

"ಜೀವಕ್ಕೆ ಎಂಥದೂ ಆಗ್ಲಿಲ್ಲ."

ಅವರು ಮನೆಯ ಹಿಂದಕ್ಕೆ ಹೋಗಿ, ಅವಳ ಅರ್ಧ ಎಕರೆಯ ಗಿಡಗಳನ್ನು ನೋಡಿದರು. ಮೊಗ್ಗೆಲ್ಲ ಕಪ್ಪಾಗಿತ್ತು. "ನಿಂದೂ ಹೋಯ್ತಲ್ಲ ಮಾರಾಯ್ತಿ," ಅಂದರು. ಒಂದು ಒಣ ಮೊಗ್ಗನ್ನು ಕಿತ್ತು ಬೆರಳಲ್ಲಿ ಉಜ್ಜುತ್ತಾ, "ಆವತ್ತು ನಂಗೆ ಆಮೆನ್ ಅನ್ಲಿಕ್ಕೆ ಆಗ್ಲಿಲ್ಲ. ಸಿಟ್ಟಲ್ಲ ಮತ್ತೆ. ನೀನು ಕೇಳಿದ್ದನ್ನ ದೇವರು ಕೊಟ್ಟುಬಿಟ್ರೆ ಅಂತ ಹೆದರಿಕೆ ಆಯ್ತು," ಎಂದರು. ಆಮೇಲೆ ಆ ಒಣಗಿದ ಗಿಡಗಳ ನಡುವೆ ತಲೆಯ ಟೋಪಿ ತೆಗೆದು, ಗಟ್ಟಿಯಾಗಿ ಆಮೆನ್ ಅಂದು ಜೀಪು ಹತ್ತಿದರು. ಮುಂದಿನ ಭಾನುವಾರ ಅವರ ಹೆಂಡತಿಯೇ ಬಂದು ದೊಡ್ಡಮ್ಮನನ್ನು ಚರ್ಚಿಗೆ ಕರೆದುಕೊಂಡು ಹೋದರು.

ಇಷ್ಟಾದ ಮೇಲಾದರೂ ಅವಳಿಗೆ ಧೈರ್ಯ ಬಂತೆಂದು ಬರೆಯಲು ನನಗೂ ಆಸೆ. ಬರಲಿಲ್ಲ. ಈಗ ತನ್ನ ಬಾಯಿಗೇ ಹೆದರತೊಡಗಿದಳು. ಆಮೇಲಿನ ಪ್ರಾರ್ಥನೆಗಳಲ್ಲಿ ಷರತ್ತುಗಳೇ ಹೆಚ್ಚು. "ಅವಳಿಗೆ ಮಳೆ ಕೊಡು, ಆದ್ರೆ ಯಾರದ್ದೂ ಕಿತ್ತು ಕೊಡ್ಬೇಡ. ಜಾಸ್ತಿನೂ ಬೇಡ. ನಾನು ಎಂಥಾದ್ರೂ ತಪ್ಪು ಹೇಳಿದ್ರೆ ನೀನೇ ಸರಿ ಮಾಡ್ಕೋ." ರಾತ್ರಿ ಡ್ಯೂಟಿ ಮುಗಿಸಿ ಅದನ್ನು ಕೇಳಿಸಿಕೊಂಡರೆ ನನಗೆ ನಿದ್ದೆ ಹತ್ತುತ್ತಿತ್ತು. ನಾನು ಪಡಬೇಕಾದ ಭಯದಲ್ಲಿ ಅರ್ಧ ಪಾಲನ್ನು ಯಾರೋ ಆಗಲೇ ಪಟ್ಟು ಮುಗಿಸಿದ್ದಾರೆ ಅನ್ನಿಸುತ್ತಿತ್ತು. ಉಳಿದ ಅರ್ಧ ಭಯ ಹೊತ್ತು ಕೆಲಸ ಮಾಡಬಹುದಿತ್ತು.

ಮರುವರ್ಷ ಜುಲೈಯಲ್ಲಿ ದಮ್ಮು ಹೆಚ್ಚಾಗಿ ಅವಳು ತೀರಿಕೊಂಡಳು. ಸುದ್ದಿ ಬಂದಾಗ ನಮ್ಮ ರಸ್ತೆ ಮಳೆಗೆ ಮುಚ್ಚಿತ್ತು. ನನ್ನ ಜೀವ ಉಳಿಸಿದ ಅದೇ ಕೆಸರು ನನ್ನನ್ನು ಅವಳ ಮಣ್ಣಿಗೂ ಬಿಡಲಿಲ್ಲ. ನಾನು ಊರು ಸೇರುವಾಗ ಕಾಫಿ ಕುಯ್ಲು ಶುರುವಾಗಿತ್ತು.

ಕೊನೆಯವರೆಗೂ ಹೆದರಿದ್ದಳಾ ಎಂದು ಅಮ್ಮನವರನ್ನು ಕೇಳಿದೆ. ಸಾಮಾನ್ಯವಾಗಿ ಇಂಥ ಪ್ರಶ್ನೆಗೆ, ಶಾಂತವಾಗಿ ಹೋದರು ಎಂಬ ಉತ್ತರ ಸಿಗುತ್ತದೆ.

"ಸುಳ್ಳು ಹೇಳೋದಿಲ್ಲಮ್ಮ," ಅಂದರು. "ತುಂಬ ಹೆದರಿದ್ರು. ನನ್ನ ಕೈ ಬಿಡ್ಲೇ ಇಲ್ಲ. ನನ್ನನ್ನ ಈಗಲೇ ಕರ್ಕೋಬೇಡ, ಅವಳು ವಾಪಸ್ ಬಂದಿಲ್ಲ, ಅವಳಿಗೆ ಭಯ ಪಡೋಕೆ ಯಾರಿದ್ದಾರೆ ಅಂತ ದೇವರ ಹತ್ರ ಜಗಳ ಮಾಡ್ತಿದ್ರು."

ಬರುವ ತಿಂಗಳು ನಾನು ಮತ್ತೆ ಅಲ್ಲಿಗೆ ಹೊರಡುತ್ತಿದ್ದೇನೆ. ಸಭೆಯವರು ಮೊದಲಿಗಿಂತ ಹೆಚ್ಚೇ ಕೊಟ್ಟಿದ್ದಾರೆ. ಸಾವ್ಕಾರ್ರು ತಲೆಯ ಮೇಲೆ ಕೈಯಿಟ್ಟು ಹರಸಿದರು, ಅಯ್ಯನವರು ವಿಶೇಷ ಪ್ರಾರ್ಥನೆ ಇಟ್ಟಿದ್ದಾರೆ. ಎದುರಾದವರೆಲ್ಲ ನನ್ನ ಧೈರ್ಯವನ್ನು ಹೊಗಳಿ, ಏನೂ ಆಗುವುದಿಲ್ಲ, ಹೆದರಬೇಡ ಅನ್ನುತ್ತಾರೆ. ಹೋಗಬೇಡ ಎಂದವರು ಈ ಸಲ ಒಬ್ಬರೂ ಇಲ್ಲ. ಪೂರ್ತಿ ಭಯವನ್ನು ಇನ್ನು ನಾನೇ ಪಡಬೇಕು.