ಗೋಡೆಯ ಪೆಟ್ಟಿಗೆ, ಏಣಿಯ ಮೋಟು

ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಗೋಡೆ. ಅಷ್ಟೇ. ನಮ್ಮ ಚಳವಳಿಯ ಘೋಷಣೆಗಳನ್ನೆಲ್ಲ ಊರಿನ ಗೋಡೆಗಳ ಮೇಲೆ ಬರೆದವನು ಅವನು. ಠಾಣೆಗೆ ಎಳೆದುಕೊಂಡು ಹೋದಾಗ ಪೊಲೀಸರೂ "ಬಾರಪ್ಪ ಗೋಡೆ, ಕೂತ್ಕೊ" ಅನ್ನುತ್ತಿದ್ದರು.

ಗೋಡೆ ಅಂದಮೇಲೆ ಏಣಿ ಬೇಕಲ್ಲ? ಅದೂ ಇತ್ತು. ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದವನಿಗೆ ಏಣಿ ಅಂತಲೇ ಹೆಸರು ಬಿತ್ತು. ನಸುಕಿನಲ್ಲಿ ಇಬ್ಬರೂ ಬಣ್ಣದ ಡಬ್ಬ ಹೊತ್ತು ಹೊರಟರೆ ಬೆಳಕು ಹರಿಯುವಷ್ಟರಲ್ಲಿ ಒಂದು ಬೀದಿ ಮಾತಾಡಲು ಶುರು ಮಾಡುತ್ತಿತ್ತು. ಬರೆಯುವಾಗ ಜಗಳ ತಪ್ಪಿದ್ದಲ್ಲ.

"ಲೇ, ಒತ್ತು ಓರೆ ಆಯ್ತು!" ಕೆಳಗಿನಿಂದ ಏಣಿ ಕೂಗುತ್ತಿದ್ದ.

"ನೀನು ಏಣಿ ಹಿಡಿ, ಬಾಯೂ ಹಿಡಿ."

"ಗೋಡೆಗೆ ಮೂತಿ ಅಂಟಿಸ್ಕೊಂಡು ಬರೆಯೋನಿಗೆ ಅಕ್ಷರ ಏನು ಕಾಣ್ತದೆ? ಕೆಳಗೆ ನಿಂತೋನಿಗೆ ಕಾಣೋದು. ಇಳಿದು ನೋಡು."

ಗೋಡೆ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ನೋಡಿ, ಬೈಯುತ್ತಾ ಮತ್ತೆ ಹತ್ತುತ್ತಿದ್ದ. ಒತ್ತು ಪ್ರತಿ ಸಲವೂ ಓರೆಯಾಗಿಯೇ ಇರುತ್ತಿತ್ತು.

ಏಣಿಗೆ ಇನ್ನೊಂದು ಚಟವಿತ್ತು. ಕರಪತ್ರ ಒತ್ತುವ ನಮ್ಮ ಸೈಕ್ಲೋಸ್ಟೈಲ್ ಯಂತ್ರ ಅವನ ವಶದಲ್ಲಿತ್ತು. ಕೆಲಸ ಮುಗಿದ ಕೂಡಲೇ ಅದರ ಹಿಡಿಕೆ ಬಿಚ್ಚಿ ಹೆಗಲ ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದ. "ಯಂತ್ರ ಒಂದ್ಕಡೆ, ಅದರ ಜೀವ ಇನ್ನೊಂದ್ಕಡೆ ಇರ್ಬೇಕು. ಆಗ ಯಾವನು ನುಗ್ಗಿದ್ರೂ ಕೆಡಿಸೋಕಾಗಲ್ಲ" ಅನ್ನುತ್ತಿದ್ದ. ಆಮೇಲೆ ಅವನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ. ಗೋಡೆ ಬೋರ್ಡು ಬರೆದು ಹೊಟ್ಟೆ ಹೊರೆದ. ಮದುವೆಯಾಗಲಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಮುದುಕನಾದ.

ಮೊದಲು ಬಲಗೈ ನಡುಗಿತು, ಆಮೇಲೆ ಎಡಗೈ. ಕುಂಚ ಹಿಡಿದರೆ ಗೆರೆ ಹುಳುವಿನ ಹಾಗೆ ಹರಿಯತೊಡಗಿತು. ಆಗ ಏಣಿ ಒಂದು ಉಪಾಯ ತೆಗೆದ. "ನಿನ್ನ ಅಕ್ಷರಾನೇ ಫಾಂಟ್ ಮಾಡೋಣ ಕಣೋ. ಕೀ ಒತ್ತಿ ಚುಕ್ಕೆ ಸರಿಸೋದು ತಾನೇ, ಕೈ ಕುಣಿದ್ರೆ ಕುಣೀಲಿ. ನೀನು ಸತ್ತಮೇಲೂ ಯಾವನಾದ್ರೂ ಬ್ಯಾನರ್ ಮಾಡಿದ್ರೆ ನಿನ್ನ ಅಕ್ಷರದಲ್ಲೇ ಬೈತಾನೆ."

ಆ ಮಾತು ಗೋಡೆಯ ತಲೆಗೆ ಹತ್ತಿತು. ತೊಡಕಿದ್ದದ್ದು ಬೇರೆ ಕಡೆ. ಅವರಿಗೆ ಬೇಕಾದ, ಅಕ್ಷರ ಕಡೆಯುವ ಸಾಫ್ಟ್‌ವೇರು ಮ್ಯಾಕ್‌ಓಎಸ್ ಎಂಬ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಮ್ಯಾಕ್‌ಓಎಸ್ ಅದರ ಕಂಪನಿಯೇ ಮಾಡಿದ ಪೆಟ್ಟಿಗೆಯಲ್ಲಿ ಓಡಲು ಹುಟ್ಟಿದ್ದು, ಆ ಪೆಟ್ಟಿಗೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಏಣಿ ಅಂಗಡಿಯ ಮೂಲೆಯಲ್ಲಿದ್ದ ಬೋರ್ಡು, ಡಿಸ್ಕು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಎಲ್ಲ ಗುಡ್ಡೆ ಹಾಕಿ ಒಂದು ಪೆಟ್ಟಿಗೆ ಕಟ್ಟಿದ. ಕಂಡವರ ಬಿಡಿಭಾಗಗಳನ್ನು ತನ್ನವೆಂದು ಮ್ಯಾಕ್‌ಓಎಸ್ ನಂಬಬೇಕಾದರೆ ಅದು ಏಳುವ ಮುನ್ನ ಒಂದು ಸೆಟ್ಟಿಂಗ್ಸ್ ಫೈಲು ಅದರ ಕಿವಿಯಲ್ಲಿ ಊದಬೇಕು. ಇದು ನಿನ್ನ ಕಾರ್ಡು, ಇದು ನಿನ್ನ ಬೋರ್ಡು, ತಕರಾರು ಮಾಡದೆ ಏಳು ಅಂತ. ಅಷ್ಟನ್ನೂ ಏಣಿಯೇ ಬರೆದ. ಪೆಟ್ಟಿಗೆಯನ್ನು ಕೋಣೆಗೆ ತಂದಿಟ್ಟು, ಹಿಂಭಾಗ ತೋರಿಸಿ ಹೇಳಿದ: "ಪೆನ್ಸಿಲ್ ಮೋಟಿನಂಥವು ಎರಡು ಚುಚ್ಚಿದೀನಿ ನೋಡು. ಅವನ್ನ ಮುಟ್ಟಿದ್ರೆ ಕೈ ಮುರೀತೀನಿ."

ತಂತಿಯಿಲ್ಲದ ಕೀಬೋರ್ಡಿಗೊಂದು, ಮೌಸಿಗೊಂದು ಇರಬೇಕು ಅಂದುಕೊಂಡ ಗೋಡೆ. ಅವನೂ ಕೇಳಲಿಲ್ಲ, ಇವನೂ ಬಿಡಿಸಿ ಹೇಳಲಿಲ್ಲ.

ಇಬ್ಬರೂ ಸೇರಿ ಅಕ್ಷರ ಕಡೆಯುತ್ತಿದ್ದಾಗಲೇ ಕಸ ಗುಡಿಸುವವರ ಮುಷ್ಕರ ಬಂತು. ಕೊನೆಗೆ ಒಪ್ಪಂದವಾಯಿತು. ಅರ್ಧ ಜನರಿಗೆ ಕಾಯಂ ಕೆಲಸ, ಉಳಿದವರಿಗೆ ಭರವಸೆ. ಕಸದ ಲಾರಿಗಳ ಡಿಪೋದ ಉದ್ದನೆಯ ಗೋಡೆಯ ಮೇಲೆ ಗೋಡೆ ನಡುಗುವ ಕೈಯಲ್ಲೇ ಕಡೆಯ ಸಲ ಬರೆದ: ಅರ್ಧ ಗೆಲುವು ಪೂರ್ತಿ ದ್ರೋಹ. ಅದಕ್ಕೆ ಏಣಿ ಹಿಡಿಯಲು ಏಣಿ ಹೋಗಲಿಲ್ಲ. ಮರುದಿನ ಹೋಗಿ ಆ ಸಾಲಿನ ಮೇಲೆ ಸುಣ್ಣ ಬಳಿದ.

"ಅರ್ಧ ಜನರ ಮನೇಲಿ ಒಲೆ ಉರೀತಿದೆ, ಅದರ ಮೇಲೆ ನೀರು ಹುಯ್ತೀಯಾ?" ಎಂದ ಏಣಿ, ಬಜಾರಿನ ನಡುವೆ.

"ಇನ್ನರ್ಧ ಜನರ ಒಲೆ ನಿನ್ನ ಕಣ್ಣಿಗೆ ಬೀಳಲ್ವಾ?" ಎಂದ ಗೋಡೆ.

ಯಾರು ಸರಿ ಅಂತ ನನ್ನನ್ನು ಕೇಳಬೇಡಿ. ಇಬ್ಬರೂ ಸರಿ ಇದ್ದರು, ತೊಂದರೆಯೇ ಅದು. ಅಲ್ಲಿಗೆ ಮಾತು ನಿಂತಿತು. ಏಣಿಯ ಅಂಗಡಿಗೂ ಗೋಡೆಯ ಕೋಣೆಗೂ ನಡುವೆ ಇರುವುದು ಒಂದು ತಿರುವು ಮಾತ್ರ. ಆ ತಿರುವಿನಲ್ಲಿ ವರ್ಷಗಳು ಹೋದವು.

ಗೋಡೆ ಒಬ್ಬನೇ ಕೂತು ಮೂಲಾಕ್ಷರಗಳನ್ನೆಲ್ಲ ಮುಗಿಸಿದ. ಒತ್ತುಗಳು ಉಳಿದಿದ್ದವು. ಆಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ನಿಂತಿತು. ಫ್ಯಾನಿಲ್ಲದ ಕಾರ್ಡು ಸ್ವಲ್ಪ ಹೊತ್ತು ಓಡುತ್ತದೆ, ಬಿಸಿಯೇರುತ್ತದೆ, ಆಮೇಲೆ ಪರದೆಯ ತುಂಬ ಬಣ್ಣಬಣ್ಣದ ಚೌಕಳಿ ವಾಂತಿ ಮಾಡಿಕೊಂಡು ಸಾಯುತ್ತದೆ. ಎಲ್ಲಿಂದಲೋ ಯಾರೋ ಬಳಸಿ ಬಿಟ್ಟ ಒಂದು ಕಾರ್ಡು ತಂದ, ಆದರೂ ಇದಕ್ಕಿಂತ ಹೊಸದು. ಅದನ್ನು ಕೂರಿಸಿದರೆ ಕಂಪನಿಯ ಲಾಂಛನ ಬರುತ್ತದೆ, ಕೆಳಗಿನ ಗೆರೆ ಮುಕ್ಕಾಲು ತುಂಬುತ್ತದೆ, ಪರದೆ ಕಪ್ಪಾಗುತ್ತದೆ. ಒಳಗೆ ಯಂತ್ರ ಓಡುತ್ತಲೇ ಇರುತ್ತದೆ, ಮುಖ ಮಾತ್ರ ತೋರಿಸುವುದಿಲ್ಲ.

ಅಂಗಡಿಗಳಿಗೆ ಹೊತ್ತುಕೊಂಡು ಹೋದ. "ಇದು ಅಸಲಿ ಅಲ್ಲ ಅಜ್ಜ, ನಾವು ಮುಟ್ಟಲ್ಲ" ಎಂದರು. ಇಂಟರ್ನೆಟ್ಟಿನಲ್ಲಿ ಇಂಥ ಪೆಟ್ಟಿಗೆ ಕಟ್ಟುವವರದೇ ಒಂದು ಜಗಲಿಯಿದೆಯಂತೆ, ಎಲ್ಲರೂ ಅಡ್ಡಹೆಸರಿನವರೇ. ಅಲ್ಲಿ ಬೂದಿಬೆಕ್ಕು ಎಂಬ ಅಡ್ಡಹೆಸರಿನ ಯಾರೋ ಉತ್ತರ ಕೊಟ್ಟರು: ಆ ಜಾತಿಯ ಕಾರ್ಡಿಗೆ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಪದ ಸೇರಿಸಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ.

ಪದ ಸೇರಿಸುವುದೇ ಒಂದು ಸರ್ಕಸ್ಸು. ಫ್ಯಾನು ಸತ್ತ ಕಾರ್ಡು ಕೂರಿಸಬೇಕು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಟ್ಟು ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಬೇಕು, ಚೌಕಳಿ ಬರುವುದರೊಳಗೆ ಡಿಸ್ಕಿನ ಬಚ್ಚಿಟ್ಟ ಭಾಗ ತೆರೆದು, ಫೈಲಿನಲ್ಲಿ ಬರೆದು, ಮುಚ್ಚಿ, ಆರಿಸಬೇಕು. ಮತ್ತೆ ಕಾರ್ಡು ಬದಲಿಸಬೇಕು. ನಡುಗುವ ಕೈಯಲ್ಲಿ ಸ್ಕ್ರೂ ನಿಲ್ಲುತ್ತದೆಯೇ? ಬೋರ್ಡಿನ ಸಂದಿಗೆ ಬೀಳುತ್ತಿತ್ತು. ಪೆಟ್ಟಿಗೆಯನ್ನೇ ಮಗುಚಿ, ಸತ್ತವನ ಜೇಬು ಒದರಿದ ಹಾಗೆ ಒದರುತ್ತಿದ್ದ. ಇಷ್ಟಾದ ಮೇಲೆ ಹೊಸ ಕಾರ್ಡು ಹಾಕಿ ಗುಂಡಿ ಒತ್ತಿದರೆ ಲಾಂಛನ, ಗೆರೆ, ಮುಕ್ಕಾಲು, ಕಪ್ಪು.

ಪದ ತಪ್ಪಿರಬೇಕೆಂದು ಮತ್ತೆ ಬರೆದ. ಬೇರೆ ಪದ ಹಾಕಿ ನೋಡಿದ, ಜಾಗ ಬದಲಿಸಿ ನೋಡಿದ. ಕಪ್ಪೇ.

ನಾನು ಹೋದಾಗ ಕೋಣೆಯ ನೆಲದ ಮೇಲೆ ತಗಡು, ತಂತಿ. ನಡುವೆ ಅವನು, ಹೆಣ ಕಾಯುವವನ ಹಾಗೆ.

"ಏಣಿನ ಕೇಳ್ಬಾರ್ದೇನೋ?" ಎಂದೆ.

"ಸುಣ್ಣ ಬಳಿದೋನ ಅಂಗಡಿ ಮೆಟ್ಟಿಲು ನಾನು ಹತ್ಬೇಕಾ?"

"ಒತ್ತು ಮುಗಿಸದೆ ಸಾಯ್ತೀಯಾ ಹಂಗಾದ್ರೆ?"

ಅವನು ತನ್ನ ಕೈ ನೋಡಿಕೊಂಡ. ಈಗ ಲೋಟ ಎತ್ತಿದರೂ ನೀರು ಚೆಲ್ಲುತ್ತಿತ್ತು. ಇನ್ನು ಸ್ವಲ್ಪ ದಿನ ಹೋದರೆ ಕೀ ಒತ್ತಲೂ ಬೆರಳು ಒಪ್ಪುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಒತ್ತಿಲ್ಲದ ಅಕ್ಷರ ಯಾರಿಗೆ ಬೇಕು? ಒಂದು ಸಾಲು ಬೈಗುಳ ಕೂಡ ಬರೆಯಲಾಗುವುದಿಲ್ಲ.

ನಾನು ಏಣಿಯ ಅಂಗಡಿಗೆ ಹೋಗಿ ವಿಷಯ ಎತ್ತಿದೆ. ಅವನು ಯಾರದೋ ಲ್ಯಾಪ್‌ಟಾಪಿನ ಹೊಟ್ಟೆಯಿಂದ ತಲೆ ಎತ್ತಲಿಲ್ಲ.

"ಕಳಿಸಿದ್ದು ಅವನಾ, ನೀನೇ ಬಂದ್ಯಾ?"

"ನಾನೇ ಬಂದೆ."

"ಹಂಗಾದ್ರೆ ನಿನ್ನ ಕಂಪ್ಯೂಟರ್ ಕೆಟ್ರೆ ತಗೊಂಡ್ ಬಾ. ಅವನಿಗೆ ಕಾಲಿದೆ. ನಡೆದು ಬಂದು ಬಾಯ್ಬಿಟ್ಟು ಕೇಳ್ಲಿ."

ಸಾಯ್ರೋ ಇಬ್ಬರೂ ಅಂದುಕೊಂಡು ಹೊರಬಂದೆ.

ಗೋಡೆಯ ಆ ದಿನಗಳು ಹೇಗಿದ್ದವೆಂದರೆ, ಅವನ ಮಾತಿಗೆ ಎದುರು ಮಾತಾಡುತ್ತಿದ್ದ ಜೀವ ಭೂಮಿಯ ಮೇಲೆ ಒಂದೇ, ಅದು ಬೂದಿಬೆಕ್ಕು. ಗಂಡೋ ಹೆಣ್ಣೋ, ಯಾವ ದೇಶವೋ, ಯಾರಿಗೆ ಗೊತ್ತು. ಗೋಡೆ ಮುರುಕು ಇಂಗ್ಲಿಷಿನಲ್ಲಿ ಮೊಬೈಲಿನ ಮೇಲೆ ಒಂದೊಂದೇ ಅಕ್ಷರ ಕುಟ್ಟಿ ಕಳಿಸಿ, ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಒಂದು ದಿನ ಅಲ್ಲಿಂದ ಪ್ರಶ್ನೆ ಬಂತು: ನೀವು ಬರೆಯುತ್ತಿರುವ ಫೈಲನ್ನೇ ಯಂತ್ರ ಓದುತ್ತಿದೆ ಎಂದು ಖಾತ್ರಿಯೇ?

ಗೋಡೆಗೆ ಉರಿಯಿತು. ಬದುಕೆಲ್ಲ ಬರೆದವನನ್ನು ಕೇಳುವ ಪ್ರಶ್ನೆಯೇ ಅದು? ಉತ್ತರ ಬರೆಯದೆ ಮೊಬೈಲನ್ನು ಮಗುಚಿ ಇಟ್ಟ. ಆದರೆ ಪ್ರಶ್ನೆ ಕಚ್ಚಿಕೊಂಡಿತ್ತು. ಮರುದಿನ ಸತ್ತ ಫ್ಯಾನಿನ ಕಾರ್ಡು ಹಾಕಿ, ಡಿಸ್ಕಿನಲ್ಲಿದ್ದ ಆ ಫೈಲನ್ನೇ ಅಳಿಸಿಬಿಟ್ಟ. ಪೆಟ್ಟಿಗೆ ಇದನ್ನೇ ಓದುವುದಾದರೆ ಆರಿಸಿ ಹಚ್ಚಿದ ಮೇಲೆ ಏಳಬಾರದು. ಗುಂಡಿ ಒತ್ತಿದ.

ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

"ಅವತ್ತು ಅನ್ನಿಸಿದ್ದು ಹೇಳ್ಲಾ?" ಎಂದು ಆಮೇಲೆ ಒಮ್ಮೆ ನನ್ನ ಹತ್ತಿರ ಅಂದ. "ಊರ ತುಂಬ ಬರೆದೆ, ಯಾವನೂ ಓದ್ಲಿಲ್ಲ. ಕೊನೆಗೆ ನನ್ನ ಕೋಣೇಲಿರೋ ತಗಡಿನ ಡಬ್ಬಾನೂ ಓದ್ಲಿಲ್ವಲ್ಲ ಅಂತ."

ಹಾಗಾದರೆ ಅದು ಓದುತ್ತಿದ್ದದ್ದು ಯಾರದನ್ನು? ಆಗ ಅವನಿಗೆ ಸೈಕ್ಲೋಸ್ಟೈಲಿನ ಹಿಡಿಕೆ ನೆನಪಾಯಿತು. ಪೆಟ್ಟಿಗೆಯನ್ನು ಎಳೆದು ತಿರುಗಿಸಿ, ಹಿಂದಿದ್ದ ಒಂದು ಮೋಟು ಕಿತ್ತ. ಕೀಬೋರ್ಡೂ ಮೌಸೂ ಒಟ್ಟಿಗೇ ಸತ್ತವು. ಅವೆರಡಕ್ಕೂ ಅದೊಂದೇ ಸಾಕು. ಮತ್ತೆ ಚುಚ್ಚಿದ. ಇನ್ನೊಂದನ್ನು ಕಿತ್ತು ಪೆಟ್ಟಿಗೆ ಹಚ್ಚಿದ. ಏಳಲೇ ಇಲ್ಲ. ಎದ್ದು ಓಡಲು ಏನೂ ಸಿಗುತ್ತಿಲ್ಲ ಎಂದು ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದುಕೊಂಡು ನಿಂತಿತು.

ಅದು ಬೆರಳ ಉಗುರಿನಷ್ಟು ಪೆನ್‌ಡ್ರೈವ್. ಪೆಟ್ಟಿಗೆ ಇಷ್ಟು ವರ್ಷವೂ ಅದರಿಂದಲೇ ಏಳುತ್ತಿತ್ತು. ಡಿಸ್ಕಿನಲ್ಲಿದ್ದದ್ದು ಬರೀ ನಕಲು. ಗೋಡೆ ಏನೇ ಬರೆಯಲಿ, ಪೆಟ್ಟಿಗೆ ಕೇಳುತ್ತಿದ್ದದ್ದು ಏಣಿ ಊದಿ ಹೋದ ಮಾತನ್ನೇ. ಮಾತು ಬಿಟ್ಟ ಮನುಷ್ಯ ಇವನ ಕೋಣೆಯಲ್ಲೇ, ಇವನ ಮೊಣಕಾಲಿನ ಪಕ್ಕದಲ್ಲೇ, ದಿನಾ ಬೆಳಿಗ್ಗೆ ಯಂತ್ರ ಎಬ್ಬಿಸುತ್ತಾ ಕೂತಿದ್ದ.

"ಥೂ ನಿನ್ನ" ಎಂದು ಗೋಡೆ ಆ ಮೋಟಿಗೇ ಬೈದ. ಆಮೇಲೆ ಅದನ್ನು ಮತ್ತೆ ಚುಚ್ಚಿ, ಅದರೊಳಗಿನ ಫೈಲು ತೆರೆದು, ಏಣಿಯ ಸಾಲಿನ ತುದಿಗೆ ಬೂದಿಬೆಕ್ಕು ಹೇಳಿದ ಒಂದು ಪದ ಸೇರಿಸಿದ. ಕಾರ್ಡು ಬದಲಿಸಿದ. ಲಾಂಛನ. ಗೆರೆ. ಮುಕ್ಕಾಲು. ಒಂದು ಕ್ಷಣ ಕಪ್ಪು. ಪರದೆ ಬೆಳಗಿತು.

ಹೇಳೋಣವೆಂದರೆ ಕೋಣೆಯಲ್ಲಿ ಯಾರಿದ್ದಾರೆ? ಕಿಟಕಿಗೆ ಹೋಗಿ ಕೆಳಗಿನ ಇಸ್ತ್ರಿಯವಳಿಗೆ ಕೂಗಿದ. "ಬಂತಮ್ಮಾ! ಬಂತು!"

"ಏನ್ ಬಂತಣ್ಣ, ನೀರಾ?" ಎಂದು ಅವಳು ಬಿಂದಿಗೆ ಹುಡುಕಿಕೊಂಡು ಓಡಿದಳು.

ಒತ್ತುಗಳನ್ನು ಮುಗಿಸಿದ. ಎಷ್ಟು ದಿನ ಹಿಡಿಯಿತೋ, ಬಾಗಿಲು ತೆರೆದದ್ದನ್ನು ನಾವು ನೋಡಿದ್ದು ಕಡಿಮೆ. ಮುಗಿದ ಮೇಲೆ ತನ್ನ ಅಕ್ಷರದಲ್ಲೇ ದೊಡ್ಡದಾಗಿ ಒಂದು ಸಾಲು ಪ್ರಿಂಟ್ ಹಾಕಿಸಿ, ಅಂಟು ಕಲಸಿ, ಹಳೇ ಅಭ್ಯಾಸದಂತೆ ನಸುಕಿನಲ್ಲಿ ಹೋಗಿ ಏಣಿಯ ಅಂಗಡಿಯ ಎದುರು ಗೋಡೆಗೆ ಹಚ್ಚಿ ಬಂದ. ಏಣಿ ಹತ್ತುವ ಶಕ್ತಿ ಇರಲಿಲ್ಲ, ಕೈಗೆ ಎಟುಕುವಷ್ಟು ಎತ್ತರದಲ್ಲಿ ಹಚ್ಚಿದ್ದ.

ಮೋಟು ಸಿಕ್ಕಿತು.

ಬೀದಿಯವರು ಓದಿ ತಲೆ ಕೆರೆದುಕೊಂಡರು. ಏನೋ ಸಿನಿಮಾ ಇರಬೇಕು ಎಂದ ಹಾಲಿನವನು. ಏಣಿ ಬಂದ, ಬೀಗ ತೆಗೆದ, ಒಳಗೆ ಹೋದ. ಸಂಜೆಯವರೆಗೂ ನಾನು ಎದುರಿನ ಚಹದಂಗಡಿಯಲ್ಲಿ ಕೂತು ನೋಡಿದೆ. ಅವನು ಆ ಕಡೆ ತಲೆ ಎತ್ತಲಿಲ್ಲ. ಗೋಡೆಯೂ ಆ ತಿರುವಿಗೆ ಬರಲಿಲ್ಲ. ಬೇಸತ್ತು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಗೋಡೆಯನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಪೋಸ್ಟರು ಹಾಗೇ ಇತ್ತು. ಹರಿದಿರಲಿಲ್ಲ, ಸುಣ್ಣ ಬಿದ್ದಿರಲಿಲ್ಲ. 'ಕ್ಕಿ'ಯ ಒತ್ತಿನ ಸುತ್ತ ಮಾತ್ರ ಯಾರೋ ಇದ್ದಿಲಿನಿಂದ ಒಂದು ವೃತ್ತ ಎಳೆದಿದ್ದರು.

ಗೋಡೆ ಕಾಗದಕ್ಕೆ ಮೂತಿ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಏನೂ ಕಾಣಲಿಲ್ಲ ಅವನಿಗೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಬೀದಿಯ ನಡುವೆ ನಿಂತು ನೋಡಿದ. ಸೈಕಲ್ಲಿನವನೊಬ್ಬ ಬೈದು ಪಕ್ಕಕ್ಕೆ ಹೋದ.

"ಓರೆ ಇದೆ ನನ್ಮಗಂದು" ಎಂದ.

ಮುಚ್ಚಿದ ಅಂಗಡಿಯ ಕಡೆ ಒಮ್ಮೆ ನೋಡಿದ. ಕಾಯೋಣವೇ ಎಂದು ಕೇಳಿದೆ. "ಯಾಕೆ?" ಎಂದು ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಒತ್ತು ನೆಟ್ಟಗೆ ಮಾಡಲು ಕೋಣೆಗೆ ಹೊರಟುಹೋದ.